ಪುಣೆಯ ಅಂಗಳದಲ್ಲಿ ತೇಪೆ ತೇಪೆ ಲಾನ್: ಮೊದಲು ಮಣ್ಣು ಸರಿಮಾಡಿ, ಆಮೇಲೆ ಹುಲ್ಲು ತನ್ನಿ

ದೀಪಾವಳಿ ಹತ್ತಿರ ಬಂತು ಅಂದರೆ ಪುಣೆಯ ಕನ್ನಡ ಮಿತ್ರರಿಂದ ಒಂದೇ ಥರದ ಫೋಟೊಗಳು ಬರತೊಡಗುತ್ತವೆ. ಜೂನ್‌ನಲ್ಲಿ ಹಾಸಿದ ಹುಲ್ಲು ಆಗಸ್ಟ್‌ವರೆಗೂ ಹಚ್ಚಹಸಿರಾಗಿತ್ತು, ಅಕ್ಟೋಬರ್ ಬಿಸಿಲಿಗೆ ಅಲ್ಲಲ್ಲಿ ಬೋಳಾಯಿತು. ಬೋಳಾದ ಜಾಗಕ್ಕೆ ನರ್ಸರಿಯಿಂದ ಹುಲ್ಲಿನ ಹೊಸ ಶೀಟ್ (ಬೇರು, ಮಣ್ಣು ಸಮೇತ ಕೊಯ್ದ ಹಾಸು) ತಂದು ಹಾಕುತ್ತಾರೆ. ಮುಂದಿನ ವರ್ಷ ಅದೇ ಜಾಗ ಮತ್ತೆ ಬೋಳು.

ಹುಲ್ಲಿನದು ಏನೂ ತಪ್ಪಿಲ್ಲ. ಬಿಲ್ಡರ್ ರೋಲರ್ ಹೊಡೆಸಿದ ಮುರುಮ್ (ಕಲ್ಲು ಶಿಥಿಲವಾಗಿ ಆದ ಗರಸು ಮಣ್ಣು) ಮೇಲೆ ಎರಡಿಂಚು ಕೆಂಪು ಮಣ್ಣು ಹರಡಿ ಹುಲ್ಲು ಹಾಸಿದರೆ ಬೇರು ಆ ಎರಡಿಂಚಿನಲ್ಲೇ ಉಳಿಯುತ್ತದೆ. ಮಳೆ ಇರುವಷ್ಟು ದಿನ ಬದುಕುತ್ತದೆ, ನಿಂತ ಮೇಲೆ ಒಣಗುತ್ತದೆ. ಬಾವಧನ್, ವಾಘೋಲಿ, ಉಂಡ್ರಿ ಕಡೆಯ ರೋ ಹೌಸ್‌ಗಳಲ್ಲಿ ಇದು ತೀರಾ ಸಾಮಾನ್ಯ. ಹಾಗಾಗಿ ಇಲ್ಲಿ ಕೆಲಸದ ಕ್ರಮವೇ ಮುಖ್ಯ. ಬೇಸಿಗೆಯಲ್ಲಿ ಮಣ್ಣು, ಮಳೆ ಶುರುವಾದ ಮೇಲೆ ಹುಲ್ಲು. ತಿರುಗಾಮುರುಗಾ ಮಾಡಿದರೆ ದುಡ್ಡು ದಂಡ.

## ಬೇಕಾಗುವ ಸಾಮಾನು

ಹಾರೆ, ಗುದ್ದಲಿ, ಸಲಿಕೆ, ಕುರ್ಪಿ, ಮಣ್ಣು ಹೊರಲು ಬಾಂಡ್ಲಿ (ಇಲ್ಲಿ ಘಮೇಲಾ ಅನ್ನುತ್ತಾರೆ), ಹಲ್ಲಿರುವ ರೇಕ್, ಅರ್ಧ ಇಂಚು ಕಣ್ಣಿನ ಜರಡಿ. ನಾಲ್ಕು ಹಲ್ಲಿನ ಗಾರ್ಡನ್ ಫೋರ್ಕ್ ಒಂದು ಇರಲೇಬೇಕು. ಅದಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಖರ್ಚು ಮಾಡಿ. ಅಗ್ಗದ್ದು ತಂದರೆ ಪುಣೆಯ ಮಣ್ಣಿಗೆ ಅದರ ಹಲ್ಲು ಬಾಗುತ್ತದೆ. ಉದ್ದನೆಯ ಸ್ಕ್ರೂಡ್ರೈವರ್, ಗಾಜಿನ ಜಾಡಿ, ಸ್ಕೇಲು ಮನೆಯಲ್ಲೇ ಇರುತ್ತವೆ. ದೊಡ್ಡ ಲಾನ್ ಅಲ್ಲದಿದ್ದರೆ ಟಿಲ್ಲರ್ ಬಾಡಿಗೆಗೆ ತರುವ ಅಗತ್ಯವಿಲ್ಲ.

## ಹಂತ 1: ಪ್ರತಿ ತೇಪೆಗೂ ಕಾರಣ ಹುಡುಕಿ

ಎಲ್ಲ ಬೋಳು ಜಾಗಕ್ಕೂ ಮಣ್ಣೇ ಕಾರಣ ಅಲ್ಲ. ಗುದ್ದಲಿ ಹಿಡಿಯುವ ಮೊದಲು ಒಂದು ವಾರ ಸುಮ್ನೆ ಗಮನಿಸಿ.

ನೆರಳು. ಗರಿಕೆ ಜಾತಿಯ ಹುಲ್ಲಿಗೆ, ಅಂದರೆ ಬರ್ಮುಡಾಗೆ, ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ನೋಡಿ ಬರೆದಿಡಿ. ನಾಲ್ಕು ಗಂಟೆಗಿಂತ ಕಡಿಮೆ ಇದ್ದರೆ ಅಲ್ಲಿ ಲಾನ್ ಆಸೆ ಬಿಡಿ. ತೇವ ಇರುವ ನೆರಳಾದರೆ ಒಂದೆಲಗ ಚೆನ್ನಾಗಿ ಹಬ್ಬುತ್ತದೆ, ಬೇಕೆಂದಾಗ ತಂಬುಳಿಗೂ ಆಯಿತು.

ಕಾಲುದಾರಿ. ಗೇಟಿನಿಂದ ನಲ್ಲಿಗೆ, ನಲ್ಲಿಯಿಂದ ಬಟ್ಟೆ ಒಣಗಿಸುವ ತಂತಿಗೆ ಉದ್ದಕ್ಕೆ ಬೋಳಾಗಿದ್ದರೆ ಯಾವ ಗೊಬ್ಬರವೂ ಕೆಲಸ ಮಾಡಲ್ಲ. ಅಲ್ಲಿ ಕಲ್ಲು ಹಾಕಿ. ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಪುಣೆಯಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ.

ನಾಯಿ ಮೂತ್ರ. ನಡುವೆ ಸುಟ್ಟಂತೆ ಕಂದು, ಸುತ್ತ ಕಡು ಹಸಿರಿನ ಬಳೆ. ಕೂಡಲೇ ಒಂದು ಬಕೆಟ್ ನೀರು ಸುರಿಯುವುದೇ ಪರಿಹಾರ.

ಹೂತ ಕಟ್ಟಡದ ಕಸ. ಪುಣೆಯಲ್ಲಿ ಇದಕ್ಕೆ ರಾಡಾರೋಡಾ ಅನ್ನುತ್ತಾರೆ. ಸಿಮೆಂಟ್ ಹೆಂಟೆ, ಟೈಲ್ಸ್ ಚೂರು, ಪಿಒಪಿ ಪುಡಿ ಎಲ್ಲವೂ ಅಂಗಳದ ಕೆಳಗೇ ಇರುತ್ತವೆ. ನೀರು ಒಂದು ದಿನ ತಪ್ಪಿದರೂ ಮೊದಲು ಬಾಡುವ ಜಾಗದಲ್ಲಿ ಹಾರೆ ಹಾಕಿ ನೋಡಿ. ನಾಲ್ಕು ಇಂಚಿನಲ್ಲೇ 'ಠಣ್' ಅಂದರೆ ಆ ಜಾಗವನ್ನು ಒಂದಡಿ ಅಗೆದು ಕಸ ತೆಗೆಯಲೇಬೇಕು.

ಗೊಣ್ಣೆ ಹುಳು. ಮರಾಠಿಯಲ್ಲಿ ಹುಮಣಿ. ಹುಲ್ಲನ್ನು ಹಿಡಿದೆಳೆದರೆ ಚಾಪೆ ಎತ್ತಿದಂತೆ ಮೇಲೇಳುತ್ತದೆ, ಕೆಳಗೆ ಬೇರೇ ಇರುವುದಿಲ್ಲ. ಗೊರವಂಕಗಳು ಅದೇ ಜಾಗ ಕೆದಕುತ್ತಿದ್ದರೆ ಅನುಮಾನ ಗಟ್ಟಿ. ಒಂದು ಚದರಡಿ ಹುಲ್ಲನ್ನು ಮೂರು ಕಡೆ ಕೊಯ್ದು ಮಗುಚಿ ಎಣಿಸಿ. ಬಿಳಿ ಮೈ, ಕಂದು ತಲೆ, ಕೊಂಡಿಯಂತೆ ಬಾಗಿ ಮಲಗಿರುತ್ತದೆ. ಐದಕ್ಕಿಂತ ಜಾಸ್ತಿ ಇದ್ದರೆ ಮೊದಲು ಹುಳಕ್ಕೆ ಮದ್ದು (ಕೊನೆಯಲ್ಲಿ ಹೇಳಿದ್ದೇನೆ), ಆಮೇಲೆ ಹುಲ್ಲು.

## ಹಂತ 2: ಮಣ್ಣು ಪರೀಕ್ಷೆ, ಮಾರ್ಚ್‌ನಲ್ಲೇ

ಧಾರವಾಡ, ಗದಗ, ವಿಜಯಪುರದವರಿಗೆ ಎರೆಮಣ್ಣು ಹೊಸದಲ್ಲ. ಬೆಂಗಳೂರು, ಮೈಸೂರಿನಿಂದ ಬಂದವರು ಮಾತ್ರ ಕೆಂಪು ಮಣ್ಣಿನ ಲೆಕ್ಕದಲ್ಲೇ ಇಲ್ಲಿ ತೋಟ ಮಾಡಲು ಹೋಗಿ ಸೋಲುತ್ತಾರೆ. ಪುಣೆಯ ಅಂಗಳಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು: ಜಿಗುಟಾದ ಎರೆಮಣ್ಣು, ಇಲ್ಲವೇ ಕಪ್ಪುಕಲ್ಲು ಶಿಥಿಲವಾಗಿ ಆದ ಮುರುಮ್. ಕೆಲವು ಮನೆಗಳಲ್ಲಿ ಒಂದರ ಮೇಲೊಂದು ಎರಡೂ ಇರುತ್ತವೆ.

ಸ್ಕ್ರೂಡ್ರೈವರ್ ಪರೀಕ್ಷೆ: ನೀರು ಹಾಕಿದ ಮರುದಿನ ಕೈಯಿಂದ ಒತ್ತಿ. ಆರಿಂಚು ಸಲೀಸಾಗಿ ಇಳಿಯಬೇಕು. ಎರಡಿಂಚಿಗೇ ನಿಂತರೆ ಮಣ್ಣು ಗಟ್ಟಿಯಾಗಿದೆ.

ಗುಂಡಿ ಪರೀಕ್ಷೆ: ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ, ಸ್ಕೇಲಿನಿಂದ ಅಳೆಯಿರಿ. ಗಂಟೆಗೆ ಒಂದಿಂಚು ಇಳಿದರೆ ಪರವಾಗಿಲ್ಲ. ಅರ್ಧ ಇಂಚೂ ಇಳಿಯದಿದ್ದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ. ಎರಡನೇ ಸಲವೂ ನಿಮಿಷಗಳಲ್ಲೇ ಖಾಲಿಯಾದರೆ ಕೆಳಗಿರುವುದು ಸಡಿಲ ಮುರುಮ್, ಅದು ನೀರನ್ನೇ ಹಿಡಿಯುವುದಿಲ್ಲ.

ಜಾಡಿ ಪರೀಕ್ಷೆ: ಜಾಡಿಯ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು. ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದಲ್ಲಿ ತಳ ಸೇರುತ್ತದೆ, ಜೇಡಿ ಇಳಿಯಲು ಒಂದು ದಿನವೋ ಇನ್ನೂ ಜಾಸ್ತಿಯೋ ಬೇಕು. ಅರ್ಧಕ್ಕಿಂತ ಹೆಚ್ಚು ಜೇಡಿ ಇದ್ದರೆ ಅದು ಪಕ್ಕಾ ಎರೆಮಣ್ಣು.

ಒಣ ಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ಕಿವಿ ಹತ್ತಿರ ತನ್ನಿ. ಸುಯ್ ಅಂತ ನೊರೆ ಬಂದರೆ ಮಣ್ಣಲ್ಲಿ ಸುಣ್ಣದ ಅಂಶವಿದೆ. ಪುಣೆಯ ಎರೆಮಣ್ಣಿನಲ್ಲಿ ಇದು ಮಾಮೂಲು, ಪಿಎಚ್ ಕೂಡ 7.5ರಿಂದ 8.5ರ ನಡುವೆ ಇರುವುದೇ ಹೆಚ್ಚು. ಇಂಥ ಮಣ್ಣಿಗೆ ಸುಣ್ಣ ಹಾಕಬೇಡಿ, ಒಲೆಯ ಬೂದಿಯನ್ನೂ ಹಾಕಬೇಡಿ. ಗೋವಾದ ಜಂಬಿಟ್ಟಿಗೆ ಮಣ್ಣು ಹುಳಿ ಗುಣದ್ದು. ಅಲ್ಲಿಯ ನೆಂಟರು ಸುಣ್ಣ ಹಾಕಿ ಗೆದ್ದರು ಅಂತ ಇಲ್ಲಿ ಅದನ್ನೇ ಮಾಡಿದರೆ ಹುಲ್ಲು ಹಳದಿಯಾಗುತ್ತದೆ.

ಸಾಧ್ಯವಾದರೆ ಮಣ್ಣನ್ನು ಲ್ಯಾಬ್‌ಗೂ ಕೊಡಿ. ಐದಾರು ಕಡೆಯಿಂದ, ಆರಿಂಚು ಆಳದವರೆಗೆ ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಒಯ್ದರೆ ಸಾಕು. ರಿಪೋರ್ಟಿನಲ್ಲಿ ಮೂರು ಸಾಲು ನೋಡಿ. ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ ಗೊಬ್ಬರ ಕೈಬಿಚ್ಚಿ ಹಾಕಬೇಕು. ಇಸಿ (ಮಣ್ಣಿನ ಉಪ್ಪಿನ ಅಳತೆ) 1ಕ್ಕಿಂತ ಕಡಿಮೆ ಇದ್ದರೆ ಉಪ್ಪಿನ ಚಿಂತೆ ಇಲ್ಲ. ಕಬ್ಬಿಣ 4.5 ಪಿಪಿಎಂಗಿಂತ ಕಡಿಮೆ ಇದ್ದರೆ ಮುಂದೆ ಹಳದಿ ಎಲೆಗೆ ಸಿದ್ಧರಾಗಿರಿ. ಎರೆಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಸಾಕಷ್ಟಿರುತ್ತದೆ, ಅದಕ್ಕೆ ದುಡ್ಡು ಸುರಿಯಬೇಡಿ.

## ಹಂತ 3: ಜೇಕು ತೆಗೆಯದೆ ಮುಂದೆ ಹೋಗಬೇಡಿ

ಲಾನ್ ಹಾಳಾಗುವುದರಲ್ಲಿ ಅರ್ಧ ಪಾಲು ಈ ಕಳೆಯದು. ಕೆಲವರು ಕೊನ್ನಾರಿ ಗಡ್ಡೆ ಅಂತಾರೆ, ಇಲ್ಲಿಯ ಮಾಳಿಗಳಿಗೆ (ತೋಟದ ಕೆಲಸದವರಿಗೆ) ಇದು ಲವ್ಹಾಳಾ. ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿ ನೋಡಿ, ಮೂರು ಮೂಲೆ ಕೈಗೆ ಸಿಗುತ್ತವೆ. ಹುಲ್ಲಿನ ಕಾಂಡ ಹಾಗಿರುವುದಿಲ್ಲ.

ಎಳೆದರೆ ಮೇಲಿನದು ಕಿತ್ತು ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಗಡ್ಡೆಗಳು ದಾರಕ್ಕೆ ಪೋಣಿಸಿದಂತೆ ಸಾಲಾಗಿರುತ್ತವೆ. ಸಾಲು ತುಂಡಾದರೆ ಮಲಗಿದ್ದ ಗಡ್ಡೆಗಳೂ ಚಿಗುರುತ್ತವೆ. ಅದಕ್ಕೇ ಕಿತ್ತಷ್ಟೂ ಜಾಸ್ತಿಯಾಗುವುದು.

ಏಪ್ರಿಲ್‌ನಲ್ಲಿ ಖಾಲಿ ಮಣ್ಣಿಗೆ ನೀರು ಬಿಡಿ. ಹತ್ತು ಹದಿನೈದು ದಿನಕ್ಕೆ ಜೇಕು ಮೇಲೆ ಬರುತ್ತದೆ. ಪ್ರತಿ ಗಿಡದ ಪಕ್ಕ ಫೋರ್ಕ್ ಅನ್ನು ಎಂಟಿಂಚು ಇಳಿಸಿ, ಮಣ್ಣು ಸಮೇತ ಎತ್ತಿ, ಗಡ್ಡೆ ಆರಿಸಿ. ಆರಿಸಿದ್ದನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಸಿಮೆಂಟ್ ನೆಲದ ಮೇಲೆ ಬಿಸಿಲಿಗೆ ಹರಡಿ, ಪೂರ್ತಿ ಒಣಗಿದರೆ ಮಾತ್ರ ಸಾಯುತ್ತದೆ. ಮತ್ತೆ ನೀರು, ಮತ್ತೆ ಆರಿಸುವುದು. ಎರಡು ಮೂರು ಸುತ್ತು ಇದೇ ಕೆಲಸ. ಬೇಸರದ್ದು ಹೌದು, ಆದರೆ ಹುಲ್ಲು ಹಾಸಿದ ಮೇಲೆ ಈ ಅವಕಾಶ ಸಿಗಲ್ಲ.

ಗ್ಲೈಫೋಸೇಟ್ ಕಳೆನಾಶಕ ಹೊಡೆಯೋಣ ಅನ್ನುವವರಿಗೆ ಒಂದು ಮಾತು. 2022ರಲ್ಲಿ ಕೇಂದ್ರ ಸರ್ಕಾರ ಇದನ್ನು ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳು ಮಾತ್ರ ಬಳಸಬೇಕೆಂದು ಅಧಿಸೂಚನೆ ಹೊರಡಿಸಿದೆ. ಅಂಗಳದಲ್ಲಿ ಮಕ್ಕಳು ಆಡುವ ಮನೆಗೆ ಫೋರ್ಕ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಉಳಿದ ಕಳೆ ಬೀಜಗಳಿಗೆ ಬಿಸಿಲೇ ಮದ್ದು. ಮಣ್ಣು ತೋಯಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಸಿ, ಅಂಚಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಪ್ಲಾಸ್ಟಿಕ್ ಬೇಡ, ಅದರ ಕೆಳಗೆ ಮಣ್ಣು ಅಷ್ಟು ಕಾಯುವುದಿಲ್ಲ. ಆಳದ ಜೇಕು ಗಡ್ಡೆ ಇದಕ್ಕೆ ಬಗ್ಗುವುದಿಲ್ಲ. ಕಾಂಗ್ರೆಸ್ ಗಿಡವಿದ್ದರೆ ಹೂ ಬಿಡುವ ಮೊದಲೇ ಕೈಗವಸು ಹಾಕಿ ಕೀಳಿ.

## ಹಂತ 4: ಹದ ನೋಡಿ ಅಗೆಯಿರಿ

ಇಲ್ಲಿ ಅವಸರ ಮಾಡಿದವರೇ ಹೆಚ್ಚು. ಎರೆಮಣ್ಣು ಹಸಿಯಿದ್ದಾಗ ಅಗೆದರೆ ಕೆಸರಿನ ಹೆಂಟೆಯಾಗಿ ಒಣಗಿ, ಗುದ್ದಲಿಗೂ ಜಗ್ಗುವುದಿಲ್ಲ. ಪೂರ್ತಿ ಒಣಗಿದಾಗ ಅಗೆದರೆ ಬೆನ್ನು ಹೋಗುತ್ತದೆ.

ನಾಲ್ಕಿಂಚು ಕೆಳಗಿನ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಅಂಗೈಗೆ ಮೆತ್ತಿಕೊಂಡು ಮಿನುಗಿದರೆ ಇನ್ನೆರಡು ದಿನ ಬಿಡಿ. ಉಂಡೆಯೇ ಆಗದಿದ್ದರೆ ನೀರು ಹಾಯಿಸಿ ಎರಡು ಮೂರು ದಿನ ಕಾಯಿರಿ. ಉಂಡೆಯಾಗಿ, ಹೆಬ್ಬೆರಳು ತಾಗಿಸಿದರೆ ಪುಡಿಯಾಗಿ ಉದುರಿದರೆ ಹದ ಬಂದಿದೆ. ಅವತ್ತೇ ಕೆಲಸ ಹಿಡಿಯಿರಿ.

ಎಂಟಿಂಚು ಆಳಕ್ಕೆ ಫೋರ್ಕ್ ಹಾಕಿ ಸಡಿಲ ಮಾಡಿ. ಹೆಂಟೆಯನ್ನು ಬಡಿದು ಹಿಟ್ಟು ಮಾಡಬೇಡಿ. ಕಡಲೆಕಾಳಿನಿಂದ ಲಿಂಬೆಕಾಯಿ ಗಾತ್ರದ ಹರಳು ಇರಲಿ. ಅಗೆದ ಜಾಗದ ಮೇಲೆ ಓಡಾಡಬೇಡಿ, ಹಲಗೆ ಹಾಕಿಕೊಂಡು ಹಿಂದಕ್ಕೆ ಹಿಂದಕ್ಕೆ ಬನ್ನಿ.

ಮುರುಮ್ ಇದ್ದರೆ ಕೆಲಸ ಬೇರೆ. ರೋಲರ್ ಹೊಡೆದ ಪದರವನ್ನು ಹಾರೆಯಿಂದ ಒಡೆದು ಮೇಲಿನ ಆರಿಂಚು ತೆಗೆಯಿರಿ. ಜರಡಿ ಹಿಡಿದು ಕಲ್ಲು ಬೇರೆ ಮಾಡಿ. ಉಳಿದ ಪುಡಿಗೆ ಹೊರಗಿಂದ ತಂದ ಮಣ್ಣು ಬೆರೆಸಿ ವಾಪಸ್ ತುಂಬಿ. ಬೇರಿಗೆ ಕನಿಷ್ಠ ಆರಿಂಚು ಒಳ್ಳೆ ಮಣ್ಣು ಬೇಕು, ಎಂಟಿದ್ದರೆ ಬೇಸಿಗೆ ದಾಟುತ್ತದೆ.

## ಹಂತ 5: ಏನು ಬೆರೆಸಬೇಕು, ಏನು ಬೆರೆಸಬಾರದು

ಮರಳು ಬೇಡ. ಎರೆಮಣ್ಣು ಜಿಗುಟು, ಮರಳು ಹಾಕಿದರೆ ಸಡಿಲವಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸ್ವಲ್ಪ ಮರಳು ಜೇಡಿಯ ಜೊತೆ ಸೇರಿದರೆ ಇನ್ನೂ ಗಟ್ಟಿಯಾಗುತ್ತದೆ. ನಿಜವಾಗಿ ಬದಲಾವಣೆ ಕಾಣಬೇಕಾದರೆ ಮಣ್ಣಿಗಿಂತ ಮರಳೇ ಜಾಸ್ತಿ ಬೇಕು, ಅದು ಮನೆಯಂಗಳಕ್ಕೆ ಆಗಹೋಗುವ ಮಾತಲ್ಲ.

ಕೆಂಪು ಮಣ್ಣು ಮೇಲೆ ಹರಡುವುದು ಬೇಡ. 'ಸಾಹೇಬ್, ವರೂನ್ ಲಾಲ್ ಮಾತಿ ಟಾಕತೋ' (ಮೇಲಿಂದ ಕೆಂಪು ಮಣ್ಣು ಹಾಕ್ತೀನಿ) ಅಂತ ಮಾಳಿ ಹೇಳಿದರೆ ತಲೆಯಾಡಿಸಬೇಡಿ. ಬೆರೆಸದೆ ಮೇಲೆ ಹರಡಿದರೆ ಎರಡು ಪದರಗಳ ನಡುವೆ ನೀರು ನಿಲ್ಲುತ್ತದೆ, ಬೇರು ಅಲ್ಲಿಗೇ ತಿರುಗಿಕೊಳ್ಳುತ್ತದೆ. ಮಣ್ಣು ತರಿಸಲೇಬೇಕಾದರೆ ಟೆಂಪೊ ಖಾಲಿ ಮಾಡಿಸುವ ಮೊದಲು ಮೇಲೆ ಹತ್ತಿ ನಾಲ್ಕು ಹಿಡಿ ಕೆದಕಿ ನೋಡಿ. ಜೇಕು ಗಡ್ಡೆ ಕಂಡರೆ ಅಲ್ಲಿಂದಲೇ ವಾಪಸ್ ಕಳಿಸಿ. ಇಳಿಸಿದ ಮೇಲೆ ಯಾರೂ ವಾಪಸ್ ತಗೊಳ್ಳಲ್ಲ.

ಜಿಪ್ಸಂ ಎಲ್ಲರಿಗೂ ಅಲ್ಲ. ರಿಪೋರ್ಟಿನಲ್ಲಿ ಸೋಡಿಯಂ ಜಾಸ್ತಿ ಬಂದಿದ್ದರೆ ಮಾತ್ರ ಅದರಿಂದ ಪ್ರಯೋಜನ.

ಬೆರೆಸಬೇಕಾದದ್ದು ಕಳಿತ ಗೊಬ್ಬರ, ಕೈಬಿಚ್ಚಿ. ಮಣ್ಣಿನ ಮೇಲೆ ಎರಡಿಂಚು ದಪ್ಪ ಹರಡಿ ಆರಿಂಚು ಆಳಕ್ಕೆ ಬೆರೆಸಿ. 20 ಅಡಿಗೆ 20 ಅಡಿ ಜಾಗಕ್ಕೆ ಸುಮಾರು 67 ಘನ ಅಡಿ ಬೇಕಾಗುತ್ತದೆ. ಇಲ್ಲಿ ಬ್ರಾಸ್ ಲೆಕ್ಕದಲ್ಲಿ ಮಾರುತ್ತಾರೆ, ಒಂದು ಬ್ರಾಸ್ ಅಂದರೆ 100 ಘನ ಅಡಿ. ಎರಡು ಚೀಲ ಎರೆಗೊಬ್ಬರ ಉದುರಿಸಿ ಮಣ್ಣು ಬದಲಾಯಿತು ಅಂದುಕೊಳ್ಳುವವರು ಈ ಲೆಕ್ಕ ಒಮ್ಮೆ ನೋಡಬೇಕು.

ಕೊಟ್ಟಿಗೆ ಗೊಬ್ಬರ ಕೊಳ್ಳುವಾಗ ರಾಶಿಯೊಳಗೆ ಕೈ ಹಾಕಿ. ಬಿಸಿ ಇದ್ದರೆ, ಸೆಗಣಿ ವಾಸನೆ ಬಂದರೆ ಇನ್ನೂ ಕಳಿತಿಲ್ಲ. ಹಸಿ ಗೊಬ್ಬರದಿಂದ ಬೇರು ಸುಡುತ್ತದೆ, ಕಳೆ ಬೀಜ ಮತ್ತು ಗೊಣ್ಣೆ ಹುಳು ಉಚಿತ. ನಿಮ್ಮ ಸೊಸೈಟಿಯ ಹಸಿ ಕಸದ ಗೊಬ್ಬರವೂ ನಡೆಯುತ್ತದೆ, ಆದರೆ ಅವಸರದಲ್ಲಿ ಅರ್ಧ ಕಳಿತದ್ದನ್ನೇ ಕೊಡುವುದುಂಟು. ಜರಡಿ ಹಿಡಿದರೆ ತೆಂಗಿನ ನಾರು, ಲಿಂಬೆ ಸಿಪ್ಪೆ, ಹಾಲಿನ ಪ್ಯಾಕೆಟ್ ಮೂಲೆ ಎಲ್ಲ ಸಿಗುತ್ತವೆ. ಇನ್ನೊಂದು ತಿಂಗಳು ಮುಚ್ಚಿಟ್ಟು ಆಮೇಲೆ ಬಳಸಿ.

ಜೊತೆಗೆ 100 ಚದರಡಿಗೆ ಎರಡು ಕೆಜಿ ಬೇವಿನ ಹಿಂಡಿ. ಸಡಿಲ ಮುರುಮ್ ಜಾಗಕ್ಕೆ ಸ್ವಲ್ಪ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಬಹುದು, ಎರೆಮಣ್ಣಿಗೆ ಅದು ಬೇಡವೇ ಬೇಡ. ಎರೆಮಣ್ಣೇ ನೀರನ್ನು ಬಿಡದೆ ಹಿಡಿದಿಡುತ್ತದೆ.

## ಹಂತ 6: ಮಟ್ಟ ಮಾಡಿ, ಕೂರಲು ಬಿಡಿ

ಮನೆಯ ಗೋಡೆಯಿಂದ ಹೊರಕ್ಕೆ ಇಳಿಜಾರು ಇರಲಿ, ಹತ್ತಡಿಗೆ ಒಂದೂವರೆಯಿಂದ ಎರಡಿಂಚು. ರೇಕ್ ಹಾಕಿ, ಚೆನ್ನಾಗಿ ನೀರು ಹಾಯಿಸಿ, ಒಂದು ವಾರ ಬಿಡಿ. ತಗ್ಗು ಬಿದ್ದಲ್ಲಿ ಅದೇ ಮಿಶ್ರಣ ತುಂಬಿ. ಶೀಟ್ ಹಾಸುವುದಾದರೆ ಪಕ್ಕದ ಟೈಲ್ಸ್‌ಗಿಂತ ಒಂದಿಂಚು ಕೆಳಗೆ ನಿಲ್ಲಿಸಿ. ಈ ವಾರ ಮೇಲೆ ಬಂದ ಜೇಕನ್ನೂ ಬಿಡಬೇಡಿ.

## ಹಂತ 7: ಹುಲ್ಲು ಆರಿಸಿ, ನೆಡಿ

ಮೃಗಶಿರಾ ಮಳೆ ಎರಡು ಸಲ ಚೆನ್ನಾಗಿ ಬಿದ್ದ ಮೇಲೆ, ಅಂದರೆ ಜೂನ್ ನಡುವಿನಿಂದ ಜುಲೈವರೆಗೆ, ಪುಣೆಯಲ್ಲಿ ನೆಡಲು ಒಳ್ಳೆ ಕಾಲ. ಜೋರು ಮಳೆ ಹಿಡಿದ ದಿನ ಬೇಡ.

ಬಿಸಿಲು, ಓಡಾಟ ಎರಡೂ ಇದ್ದರೆ ಬರ್ಮುಡಾ ಜಾತಿ. ಬೇಗ ಹಬ್ಬುತ್ತದೆ, ಹೊಟ್ಟೆಬಾಕ, ಆಗಾಗ ಕತ್ತರಿಸಬೇಕು. ಮೆಕ್ಸಿಕನ್ ಹುಲ್ಲು ನೋಡಲು ದಟ್ಟ, ಆದರೆ ನಿಧಾನ. ಮಕ್ಕಳು ಕ್ರಿಕೆಟ್ ಆಡುವ ಅಂಗಳಕ್ಕೆ ನಾನು ಅದನ್ನು ಹೇಳಲ್ಲ. ನಾಲ್ಕೈದು ಗಂಟೆ ಬಿಸಿಲಿನ ಜಾಗಕ್ಕೆ ಅಗಲ ಎಲೆಯ ಬಫಲೋ ಹುಲ್ಲು.

ಸೋಲಾಪುರ ರಸ್ತೆಯ ಉರುಳಿ ಕಾಂಚನ್ ಕಡೆ ನರ್ಸರಿಗಳು ಸಾಲಾಗಿವೆ. ಶೀಟ್ ಕೊಳ್ಳುವಾಗ ಮಗುಚಿ ನೋಡಿ. ಬಿಳಿ ಬೇರು ಕಾಣಬೇಕು. ಅಟ್ಟಿಯ ನಡುವಿನ ಶೀಟ್ ಬಿಸಿಯಾಗಿ ಹಳದಿ ತಿರುಗಿದ್ದರೆ ಬೇಡ ಅನ್ನಿ. ತಳದಲ್ಲಿ ದಪ್ಪ ಜಿಗುಟು ಮಣ್ಣು ಮೆತ್ತಿದ್ದರೆ ಹಾಸುವ ಮೊದಲು ಪೈಪಿನ ನೀರಲ್ಲಿ ಅದನ್ನು ತೊಳೆದುಬಿಡಿ. ಇಲ್ಲದಿದ್ದರೆ ಬೇರು ಆ ಮಣ್ಣು ಬಿಟ್ಟು ಕೆಳಗಿಳಿಯುವುದಿಲ್ಲ. ತಂದ ದಿನವೇ ಹಾಸಿ, ಇಟ್ಟಿಗೆ ಕಟ್ಟುವ ಹಾಗೆ ಸಂದು ತಪ್ಪಿಸಿ. ಶೀಟ್ ಕೆಳಗೆ ಪೊಳ್ಳು ಉಳಿಯದಂತೆ ಹಲಗೆ ಇಟ್ಟು ತುಳಿಯಿರಿ.

ದುಡ್ಡು ಉಳಿಸಬೇಕೆ? ಒಂದು ಚದರಡಿ ಶೀಟನ್ನು ಎರಡಿಂಚಿನ ಚೌಕಗಳಾಗಿ ಕತ್ತರಿಸಿದರೆ 36 ತುಂಡು. ಆರಿಂಚಿಗೊಂದು ನೆಟ್ಟರೆ ಒಂಬತ್ತು ಚದರಡಿಗೆ ಸಾಕು. ಬರ್ಮುಡಾ ಆದರೆ ಮಳೆಗಾಲದಲ್ಲೇ ಕೂಡಿಕೊಳ್ಳುತ್ತದೆ.

## ಹಂತ 8: ಮೊದಲ ಆರು ವಾರ

ಮೊದಲ ಎರಡು ವಾರ ಮೇಲ್ಮಣ್ಣು ಒಣಗಬಾರದು. ಮಳೆ ಬಿಟ್ಟ ದಿನ ಬೆಳಿಗ್ಗೆ ಒಮ್ಮೆ, ಬಿಸಿಲು ಜೋರಿದ್ದರೆ ಮಧ್ಯಾಹ್ನವೂ ಸ್ವಲ್ಪ ನೀರು. ಆಮೇಲೆ ಮೂಲೆ ಹಿಡಿದು ಮೆಲ್ಲಗೆ ಎಳೆದು ನೋಡಿ. ಬಿಡದೆ ಹಿಡಿದುಕೊಂಡರೆ ಬೇರು ಇಳಿದಿದೆ. ಇನ್ನು ಆಳವಾಗಿ, ಅಂತರ ಬಿಟ್ಟು ನೀರು ಕೊಡಿ. ಮಳೆ ಇಲ್ಲದ ದಿನಗಳಲ್ಲಿ ವಾರಕ್ಕೆ ಒಂದಿಂಚು, ಏಪ್ರಿಲ್ ಮೇನಲ್ಲಿ ಒಂದೂವರೆ. 100 ಚದರಡಿಗೆ ಒಂದಿಂಚು ಅಂದರೆ ಸುಮಾರು 236 ಲೀಟರ್. ಟ್ಯಾಂಕರ್ ನೀರು ಕೊಳ್ಳುವವರು ಲಾನ್ ಅಗಲ ನಿರ್ಧರಿಸುವ ಮೊದಲೇ ಇದನ್ನು ಲೆಕ್ಕ ಹಾಕಿ. ಸಂಜೆ ನೀರು ಬೇಡ, ರಾತ್ರಿಯಿಡೀ ಎಲೆ ಒದ್ದೆಯಿದ್ದರೆ ಬೂಸು ರೋಗ ಬರುತ್ತದೆ.

ಕತ್ತರಿಸುವಾಗ ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಬರ್ಮುಡಾ ಒಂದೂವರೆ ಇಂಚು, ಬಫಲೋ ಎರಡೂವರೆ ಇಂಚು ಉಳಿಯಲಿ. ತುದಿ ಬೆಳ್ಳಗೆ ಹರಿದಂತೆ ಕಂಡರೆ ಬ್ಲೇಡ್ ಮೊಂಡಾಗಿದೆ.

## ಪೂರ್ತಿ ಅಗೆಯಲು ಆಗದವರಿಗೆ

ಬೋಳು ಜಾಗ ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಎಲ್ಲ ಅಗೆಯುವುದು ಬೇಡ. ಜೂನ್‌ನಲ್ಲಿ ಹದ ನೋಡಿ, ನಾಲ್ಕಿಂಚಿಗೊಂದರಂತೆ ಫೋರ್ಕ್ ಇಳಿಸಿ ಸ್ವಲ್ಪ ಅಲುಗಾಡಿಸಿ ತೆಗೆಯಿರಿ. ಜರಡಿ ಹಿಡಿದ ಗೊಬ್ಬರವನ್ನು ಕಾಲಿಂಚು ಹರಡಿ, ಪೊರಕೆಯಿಂದ ತೂತುಗಳಿಗೆ ತಳ್ಳಿ. ಹುಲ್ಲಿನ ತುದಿ ಕಾಣುತ್ತಿರಬೇಕು, ಮುಚ್ಚಿದರೆ ಸಾಯುತ್ತದೆ. ಬೋಳು ಜಾಗ ಮಾತ್ರ ಎಂಟಿಂಚು ಅಗೆದು, ಗೊಬ್ಬರ ಬೆರೆಸಿ, ಅಂಚಿನ ಒಳ್ಳೆ ಹುಲ್ಲಿನಿಂದಲೇ ತುಂಡು ತೆಗೆದು ನೆಡಿ. ಹೀಗೆ ಎರಡು ಮಳೆಗಾಲ ಮಾಡಿದರೆ ಮಣ್ಣಿನಲ್ಲಿ ಬದಲಾವಣೆ ಕೈಗೆ ಗೊತ್ತಾಗುತ್ತದೆ.

## ಎಚ್ಚರಿಕೆಯ ಗುರುತುಗಳು

ಹಳೆ ಎಲೆ ಮೊದಲು ಹಳದಿ: ಸಾರಜನಕ ಸಾಲದು. 100 ಚದರಡಿಗೆ 100 ಗ್ರಾಂ ಯೂರಿಯಾ, ಅದಕ್ಕಿಂತ ಜಾಸ್ತಿ ಬೇಡ. ಎಲೆ ಒಣಗಿದ್ದಾಗ ಎರಚಿ, ಕೂಡಲೇ ನೀರು ಹಾಯಿಸಿ.

ಹೊಸ ಎಲೆ ಹಳದಿ, ನರ ಹಸಿರು: ಕಬ್ಬಿಣ ಸಿಗುತ್ತಿಲ್ಲ. ಸುಣ್ಣದ ಮಣ್ಣಿನಲ್ಲಿ ಇದು ಸಾಮಾನ್ಯ. ಲೀಟರಿಗೆ ಐದು ಗ್ರಾಂ ಫೆರಸ್ ಸಲ್ಫೇಟ್, ಚಿಟಿಕೆ ಸಿಟ್ರಿಕ್ ಆಮ್ಲ ಬೆರೆಸಿ ಬೆಳಿಗ್ಗೆ ಎಲೆಗೆ ಸಿಂಪಡಿಸಿ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದೇ ಇಲ್ಲ, ಮೊದಲೇ ಹಳೆ ಗೋಣಿ ಮುಚ್ಚಿ.

ಮಣ್ಣಿನ ಮೇಲೆ ಬಿಳಿ ಪುಡಿ: ಬೋರ್‌ವೆಲ್ ಅಥವಾ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ನೀರಿನ ಉಪ್ಪು. ದಿನಾ ಸ್ವಲ್ಪ ಸ್ವಲ್ಪ ನೀರು ಹಾಕಿದರೆ ಹೆಚ್ಚುತ್ತದೆ. ಒಮ್ಮೆ ಆಳವಾಗಿ ಹಾಯಿಸಿ ಕೆಳಗಿಳಿಸಿ.

ಮಳೆಗಾಲದಲ್ಲಿ ದುಂಡನೆ ಕಂದು ಮಚ್ಚೆ, ಬೇರು ಗಟ್ಟಿ: ಬೂಸು ರೋಗ. ಯೂರಿಯಾ ನಿಲ್ಲಿಸಿ, ನೀರು ನಿಲ್ಲುವ ಜಾಗ ಸರಿಮಾಡಿ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಚಾಪೆಯಂತೆ ಏಳುವ ಹುಲ್ಲು: ಗೊಣ್ಣೆ ಹುಳು. ಮೆಟರೈಜಿಯಂ ಪುಡಿಯನ್ನು ಸಂಜೆ ಹೊತ್ತು, ತೇವ ಇರುವ ಮಣ್ಣಿಗೆ ಹಾಕಿ. ಬೂಸುನಾಶಕದ ಜೊತೆ ಬೆರೆಸಬೇಡಿ, ಇದೂ ಒಂದು ಬೂಸೇ. ಮುಂದಿನ ವರ್ಷ ಮೊದಲ ಮಳೆ ಬಿದ್ದ ರಾತ್ರಿಗಳಲ್ಲಿ ಬೇವು, ಜಾಲಿ ಮರಕ್ಕೆ ಮುತ್ತುವ ಕಂದು ದುಂಬಿಗಳನ್ನು ದೀಪದ ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್ ಇಟ್ಟು ಹಿಡಿಯಿರಿ. ಹುಳವಾಗುವ ಮೊದಲೇ ಅರ್ಧ ಕೆಲಸ ಮುಗಿಯುತ್ತದೆ.

ಡಿಸೆಂಬರ್, ಜನವರಿಯಲ್ಲಿ ಇಡೀ ಲಾನ್ ಮಂಕು: ರೋಗವಲ್ಲ, ಚಳಿ. ಪುಣೆಯಲ್ಲಿ ರಾತ್ರಿ 10 ಡಿಗ್ರಿ ಹತ್ತಿರ ಇಳಿದರೆ ಈ ಹುಲ್ಲುಗಳು ಬೆಳೆಯುವುದನ್ನೇ ನಿಲ್ಲಿಸುತ್ತವೆ. ಗಾಬರಿಯಿಂದ ಯೂರಿಯಾ ಸುರಿಯಬೇಡಿ, ನೀರನ್ನೂ ಅರ್ಧಕ್ಕೆ ಇಳಿಸಿ. ಫೆಬ್ರವರಿ ಕೊನೆಗೆ ಚಿಗುರದೆ ಉಳಿದ ಜಾಗಕ್ಕೆ ಕಡ್ಡಿ ನೆಟ್ಟು ಗುರುತು ಮಾಡಿ. ಮಾರ್ಚ್‌ನಲ್ಲಿ ಸ್ಕ್ರೂಡ್ರೈವರ್ ಹಿಡಿದು ಹೋಗಬೇಕಾದದ್ದು ಅಲ್ಲಿಗೇ.